ಮೂಗೂರಿನಿಂದ ಮಾದಪ್ಪನ ಬೆಟ್ಟಕ್ಕೆ ಏಳು ದಿನದ ನಡಿಗೆ

ನಡೆಯುವುದು ನಮ್ಮ ಹೆಂಗಸರಿಗೆ ಹೊಸ ವಿದ್ಯೆಯೇನೂ ಅಲ್ಲ. ಬೆಳಗಾಗೆದ್ದು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ನಲ್ಲಿಗೆ, ನಲ್ಲಿಯಿಂದ ಕೊಟ್ಟಿಗೆಗೆ, ಆಮೇಲೆ ಅಂಗಡಿಗೆ, ಮಕ್ಕಳ ಶಾಲೆಗೆ ಎಂದು ನಾವು ತಿರುಗುವುದನ್ನು ಯಾರಾದರೂ ಟೇಪು ಹಿಡಿದು ಅಳೆದರೆ ತಿಂಗಳಿಗೆ ಒಂದು ಸಲವಾದರೂ ಮೈಸೂರಿಗೆ ಹೋಗಿ ಬಂದಷ್ಟು ಆದೀತು. ಆದರೆ ಅದೆಲ್ಲ ಕೆಲಸದ ನಡಿಗೆ. ಕೈಯಲ್ಲಿ ಒಂದು ಬಿಂದಿಗೆಯೋ ಚೀಲವೋ ಇದ್ದೇ ಇರುತ್ತದೆ, ತಲೆಯಲ್ಲಿ ಒಲೆಯ ಮೇಲಿಟ್ಟು ಬಂದ ಹಾಲಿನ ಯೋಚನೆ. ಗೆಳತಿಯರ ಜೊತೆ ಮಾತಾಡಿಕೊಂಡು, ಸುಸ್ತಾದರೆ ಮರದ ಕೆಳಗೆ ಕೂತು, ಏಳು ದಿನ ಬೆಟ್ಟದ ಕಡೆಗೆ ಮುಖ ಮಾಡಿ ನಡೆಯುವುದೆಂದರೆ ಬೇರೆಯೇ ಮಾತು. ಅಂಥ ಒಂದು ನಡಿಗೆಯ ವಿಷಯವನ್ನು ಓದುಗ ಸೋದರಿಯರಿಗೆ ತಿಳಿಸೋಣ ಎಂದು ಬರೆಯಲು ಕೂತಿದ್ದೇನೆ.

ನಮ್ಮದು ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು. ತ್ರಿಪುರಸುಂದರಿ ಅಮ್ಮನವರ ದೇವಸ್ಥಾನದಿಂದ ಹೆಸರಾದ ಊರು. ಪುಷ್ಯ ಮಾಸದ ಜಾತ್ರೆ ಬಂತೆಂದರೆ ಸುತ್ತಲಿನ ಹಳ್ಳಿಗಳ ಬಂಡಿಗಳು, ನೆಂಟರು, ಬಳೆಗಾರರು ಎಲ್ಲ ಸೇರಿ ಊರೇ ಉಸಿರುಗಟ್ಟುತ್ತದೆ. ಭರತನಾಟ್ಯ ಕಲಿತವರಿಗೆ ಮೂಗೂರು ಜೇಜಮ್ಮನವರ ಹೆಸರು ಗೊತ್ತಿರಬೇಕು. ಮೈಸೂರು ಶೈಲಿಯ ನೃತ್ಯದಲ್ಲಿ ನಮ್ಮೂರಿನದೇ ಒಂದು ಪರಂಪರೆಯಿತ್ತು. ಹೀಗೆ ಹೆಜ್ಜೆಗೆ ಹೆಸರಾದ ಊರಿನವರು ನಾವು. ಆದರೂ ನಾನು ನಡೆದು ಬೆಟ್ಟಕ್ಕೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು.

"ಬಸ್ಸು ಪುಕ್ಕಟೆ ಇರುವಾಗ ನಡೆಯೋದ್ಯಾಕೆ?" ಅಂದರು ನಮ್ಮ ಯಜಮಾನರು. ಅವರ ಮಾತಿನಲ್ಲೂ ಸತ್ಯವಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಹೆಂಗಸರು ಮಾದಪ್ಪನ ಬೆಟ್ಟಕ್ಕೆ ಹೋಗುವುದು ಪಕ್ಕದ ಬೀದಿಗೆ ಹೋದಷ್ಟು ಸಲೀಸಾಗಿದೆ. ಬೆಳಿಗ್ಗೆ ಹೊರಟು, ದರ್ಶನ ಮಾಡಿ, ಲಾಡು ತಗೊಂಡು, ರಾತ್ರಿಗೆ ಮನೆಗೆ ಬಂದು ಉಪ್ಸಾರು ಬಿಸಿ ಮಾಡಬಹುದು. ನಾನೂ ಹಾಗೆ ಎರಡು ಸಲ ಹೋಗಿ ಬಂದಿದ್ದೆ. ಆದರೆ ಬಸ್ಸಿನಲ್ಲಿ ಹೋದಾಗ ಬೆಟ್ಟ ನಮ್ಮ ಹತ್ತಿರ ಬರುತ್ತದೆಯೇ ಹೊರತು ನಾವು ಬೆಟ್ಟದ ಹತ್ತಿರ ಹೋದಂತೆ ಅನ್ನಿಸುವುದಿಲ್ಲ.

ನಮ್ಮತ್ತೆ ಹೇಳುತ್ತಿದ್ದರು, ಅವರ ಕಾಲದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು, ಅಕ್ಕಿ, ಬೇಳೆ, ಸೌದೆ ಎಲ್ಲ ಹೇರಿಕೊಂಡು ಹೋಗಿ ಬರುವಷ್ಟರಲ್ಲಿ ಹತ್ತು ದಿನ ಕಳೆಯುತ್ತಿತ್ತಂತೆ. ಗಾಡಿಯಲ್ಲಿ ಸಾಮಾನು, ಜನ ಕಾಲುನಡಿಗೆ. ಆ ಕಾಲಕ್ಕೆ ಅದಕ್ಕೆ ಪಾದಯಾತ್ರೆ ಎಂಬ ದೊಡ್ಡ ಹೆಸರೂ ಇರಲಿಲ್ಲ, "ಬೆಟ್ಟಕ್ಕ ಹೋಗದು" ಅಷ್ಟೆ. ಈಗಲೂ ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಸಾವಿರಾರು ಜನ ನಡೆದೇ ಹೋಗುತ್ತಾರೆ. ಕನಕಪುರದ ಕಡೆಯವರು ಸಂಗಮದ ಹತ್ತಿರ ಕಾವೇರಿ ದಾಟಿ ಬರುತ್ತಾರೆ. ನಮ್ಮ ಮೈಸೂರು, ನಂಜನಗೂಡು, ನರಸೀಪುರದ ಕಡೆಯವರಿಗೆ ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟದ ದಾರಿ. ನಮ್ಮೂರಿನಿಂದ ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ಹುಡುಗರು ಮೂರು ದಿನದಲ್ಲಿ ಮುಟ್ಟುತ್ತಾರೆ. ನಾವು ಏಳು ದಿನ ಇಟ್ಟುಕೊಂಡೆವು.

ಐವರು ಹೊರಟೆವು

2024ರ ಫೆಬ್ರುವರಿ. ನಮ್ಮೂರ ಜಾತ್ರೆ ಮುಗಿದಿತ್ತು, ಶಿವರಾತ್ರಿಯ ನೂಕುನುಗ್ಗಲು ಇನ್ನೂ ಶುರುವಾಗಿರಲಿಲ್ಲ. ಬಿಸಿಲೂ ಏರಿರಲಿಲ್ಲ. ಸೋಮವಾರ ಹೊರಟು ಭಾನುವಾರ ಬೆಟ್ಟ ಸೇರಿ, ಮಾರನೆಯ ಸೋಮವಾರ ಮಾದಪ್ಪನ ವಾರದ ದಿನ ಪೂಜೆ ಮುಗಿಸಿ ಬಸ್ಸಿನಲ್ಲಿ ವಾಪಸ್ಸು ಎಂದು ಲೆಕ್ಕ ಹಾಕಿದೆವು.

ಹೊರಟವರು ಐದು ಜನ. ನಾನು, ನಂಜನಗೂಡಿಗೆ ಕೊಟ್ಟಿರುವ ನನ್ನ ನಾದಿನಿ, ನಮ್ಮ ಬೀದಿಯ ಟೈಲರಕ್ಕ, ರಿಟೈರ್ ಆಗಿರುವ ನರ್ಸಮ್ಮ, ಮತ್ತು ಹೂವಕ್ಕ. ಹೂವಕ್ಕ ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುವವರು. ಐವತ್ತೆಂಟು ವರ್ಷ. ಕೂತೇ ಕೆಲಸ ಮಾಡಿ ಮಾಡಿ ಅವರ ಬಲಗಾಲಿನ ಮಂಡಿ ಕೆಟ್ಟಿದೆ. ಅವರು ಬರುತ್ತೇನೆ ಅಂದಾಗ ನಮಗೆಲ್ಲ ಆಶ್ಚರ್ಯ. ಯಾಕೆಂದು ಕೇಳಿದರೆ "ಸುಮ್ನೆ ಕಣವ್ವ, ನಿಮ್ಮ ಜೊತೆ" ಅಂದರು.

ಹೊರಡುವ ಮೊದಲೇ ನರ್ಸಮ್ಮ ಒಂದು ಕಟ್ಟಳೆ ಮಾಡಿದರು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ನಡೆಯಬೇಕು, ಚುರುಕಾದವರು ಹಿಂದೆ. ನಿಧಾನದವರು ಹಿಂದೆ ಇದ್ದರೆ ಏನಾಗುತ್ತದೆ ಗೊತ್ತೆ? ಮುಂದಿನವರು ಹೋಗಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ "ಸರಿ, ಹೊರಡೋಣ" ಎಂದು ಎದ್ದುಬಿಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಸಿಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಕೂತವಳ ಊಟದ ಹಾಗೆ! ಆದ್ದರಿಂದ ಹೂವಕ್ಕ ಮುಂದೆ, ಗಾಳಿಯ ಹಾಗೆ ನಡೆಯುವ ಟೈಲರಕ್ಕ ಕಟ್ಟಕಡೆಗೆ. ಮೊದಲನೇ ದಿನ ಟೈಲರಕ್ಕನಿಗೆ ಕಾಲು ಕಟ್ಟಿಹಾಕಿದ ಹಾಗಾಗಿ ಗೊಣಗಿದ್ದೇ ಗೊಣಗಿದ್ದು.

ಯಳಂದೂರಿನ ಕಲ್ಲುಬಳೆ

ಸೋಮವಾರ ಅಮ್ಮನವರಿಗೆ ಕಾಯಿ ಒಡೆಸಿ ಬೆಳಗಿನ ಜಾವ ಹೊರಟೆವು. ಗದ್ದೆಗಳಲ್ಲಿ ಕುಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಅಲ್ಲಲ್ಲಿ ಕಬ್ಬು, ತೆಂಗು, ಬಾಳೆ. ದಾರಿಯಲ್ಲಿ ಸಿಕ್ಕಿದವರೆಲ್ಲ "ಎಲ್ಲಿಗ ಹೊಂಟ್ರವ್ವ?" ಎಂದು ಕೇಳುವುದು, ನಾವು "ಬೆಟ್ಟಕ್ಕ" ಅನ್ನುವುದು, ಅವರು "ಉಘೇ ಮಾದಪ್ಪ" ಅನ್ನುವುದು. ಹೀಗೆ ಮೂರು ಮಾತಿನಲ್ಲಿ ಅಪರಿಚಿತರೆಲ್ಲ ಪರಿಚಿತರಾಗುತ್ತಿದ್ದರು. ಒಬ್ಬ ಅಜ್ಜಿ ತನ್ನ ಸೆರಗಿನ ಗಂಟಿನಿಂದ ಹತ್ತು ರೂಪಾಯಿ ಬಿಚ್ಚಿ "ನನ್ನ ಹೆಸರಲ್ಲಿ ಹುಂಡಿಗೆ ಹಾಕವ್ವ" ಎಂದು ನನ್ನ ಕೈಲಿಟ್ಟಳು. ಬೆಟ್ಟ ಸೇರುವ ಹೊತ್ತಿಗೆ ನಮ್ಮ ಹತ್ತಿರ ಇಂಥ ಬೇರೆಯವರ ದುಡ್ಡೇ ನೂರಾರು ರೂಪಾಯಿ ಆಗಿತ್ತು.

ರಾತ್ರಿ ಯಳಂದೂರಿನಲ್ಲಿ ಟೈಲರಕ್ಕನ ತವರುಮನೆ. ಬೆಳಿಗ್ಗೆ ಗೌರೀಶ್ವರ ದೇವಸ್ಥಾನದ ಬಳೇಮಂಟಪ ನೋಡಲು ಹೋದೆವು. ಒಂದೇ ಕಲ್ಲಿನಲ್ಲಿ ಒಂದರೊಳಗೊಂದು ಹೊಕ್ಕಿರುವ ಬಳೆಗಳ ಸರಪಳಿ ಕೊರೆದು ಇಳಿಬಿಟ್ಟಿದ್ದಾರೆ, ಅದಕ್ಕೇ ಆ ಹೆಸರು. ನಮ್ಮ ನಾದಿನಿ ಬಹಳ ಹೊತ್ತು ನೋಡಿ, "ಕೆತ್ತಿದವನ ಹೆಂಡತಿ ಬಳೆ ಕೇಳಿ ಕೇಳಿ ಸಾಕು ಮಾಡಿರಬೇಕು" ಅಂದಳು. ಎಲ್ಲರೂ ನಕ್ಕೆವು.

ಇದೇ ಯಳಂದೂರು ಸಂಚಿಯ ಹೊನ್ನಮ್ಮನ ಊರೂ ಹೌದು. ಮುನ್ನೂರು ವರ್ಷಕ್ಕೂ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡು 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದವಳು ಆಕೆ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ಕೇಳಿದ ಪ್ರಶ್ನೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಹೈಸ್ಕೂಲು ಮುಗಿಸಿ ಒಲೆ ಮುಂದೆ ಕೂತ ನನ್ನಂಥವಳಿಗೆ, ಸಂಚಿ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯಿತು ಎಂಬುದು ಧೈರ್ಯ ಕೊಡುವ ಸಂಗತಿ.

ಎರಡನೇ ದಿನ ಕೊಳ್ಳೇಗಾಲ. ದೂರ ಕಡಿಮೆ, ಮಧ್ಯಾಹ್ನಕ್ಕೇ ತಲುಪಿದೆವು. ರೇಷ್ಮೆಯ ಊರಲ್ಲವೆ? ಟೈಲರಕ್ಕ ಸೀರೆ ಅಂಗಡಿ ಮುಂದೆ ನಿಂತವಳು ಅಲ್ಲಾಡಲಿಲ್ಲ. "ನಡಿಗೆಯ ಚೀಲಕ್ಕೆ ಸೀರೆ ತುಂಬಿದರೆ ಹೊರೋದು ಯಾರು?" ಎಂದು ನರ್ಸಮ್ಮ ಗದರಿದ ಮೇಲೆ ಮುಟ್ಟಿ ನೋಡಿ ಸಮಾಧಾನ ಮಾಡಿಕೊಂಡಳು. ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ, ಈ ಕೊಳ್ಳೇಗಾಲ ಸೀಮೆಯೆಲ್ಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ನಮ್ಮತ್ತೆಯ ಅತ್ತೆಗೆ ಬೆಟ್ಟಕ್ಕೆ ಹೋಗುವುದೆಂದರೆ ಮೈಸೂರು ಸೀಮೆ ಬಿಟ್ಟು ಹೊರಗೆ ಹೋಗುವುದು! ಜಿಲ್ಲೆ, ರಾಜ್ಯ ಏನೇ ಬದಲಾದರೂ ನಡೆಯುವವರ ದಾರಿ ಮಾತ್ರ ಅದೇ ಇದೆ.

ರಾಗಿ ಬೀಸಿದ ದೇವರು

ಕೊಳ್ಳೇಗಾಲ ದಾಟಿದ ಮೇಲೆ ಹಸಿರು ಕಡಿಮೆಯಾಗಿ ಬೆದ್ದಲು ಭೂಮಿ ಶುರುವಾಗುತ್ತದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಹೊಲಗಳು ಬಿಕೋ ಅನ್ನುತ್ತಿದ್ದವು. ಈ ದಾರಿಯ ಆಸುಪಾಸಿನಲ್ಲೇ ಸಿಂಗಾನಲ್ಲೂರು. ನಮ್ಮ ಡಾ. ರಾಜ್‌ಕುಮಾರ್ ಅವರ ಪೂರ್ತಿ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್. ಮೂರನೇ ದಿನ ಕಾಮಗೆರೆ, ನಾಲ್ಕನೇ ದಿನ ಹನೂರು. ದಿನಕ್ಕೆ ಹತ್ತು ಹದಿನಾಲ್ಕು ಕಿಲೋಮೀಟರು, ಅಷ್ಟೇ. ಬಿಸಿಲು ಏರುವ ಮೊದಲು ಒಂದು ನಡೆ, ಸಂಜೆ ತಂಪಾದ ಮೇಲೆ ಒಂದು ಸಣ್ಣ ನಡೆ. ನಡುಹಗಲಿನಲ್ಲಿ ಹುಣಸೆಮರದಡಿ ಬುತ್ತಿ ಬಿಚ್ಚಿ, ಉಂಡು, ಒಂದು ಗಂಟೆ ಮಲಗುವುದು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಯಾರೂ ಎಬ್ಬಿಸದೆ ಮಲಗಿದ್ದು ನನಗೆ ಇದೇ ಮೊದಲು.

ಮೂರನೇ ದಿನ ಮಧ್ಯಾಹ್ನ ನಾವು ಕೂತ ಮರದಡಿಗೇ ಇಬ್ಬರು ದೇವರಗುಡ್ಡರು ಬಂದು ಕೂತರು. ಕೊರಳಲ್ಲಿ ರುದ್ರಾಕ್ಷಿ, ಜೋಳಿಗೆ, ಕೈಯಲ್ಲಿ ಕಂಸಾಳೆ. ನಾವು ಕೊಟ್ಟ ಮೊಸರನ್ನ ಉಂಡು, ಕೇಳದೆಯೇ ಮಾದಪ್ಪನ ಕಥೆಯ ಒಂದು ಸಾಲು ಎತ್ತಿದರು. ಮಲೆ ಮಾದೇಶ್ವರನ ಕಥೆ ಅಂದರೆ ರಾತ್ರಿಗಟ್ಟಲೆ ಹಾಡಿದರೂ ಮುಗಿಯದ ಮಹಾಕಾವ್ಯ. ಓದು ಬರಹ ಕಲಿಯದವರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು. ಪಿ. ಕೆ. ರಾಜಶೇಖರ ಅವರಂಥ ವಿದ್ವಾಂಸರು ಅದನ್ನು ಸಂಗ್ರಹಿಸಿ ಪುಸ್ತಕ ಮಾಡಿದ್ದಾರೆ.

ಆ ಕಥೆಯಲ್ಲಿ ನನಗೆ ಇಷ್ಟವಾದದ್ದು ಎರಡು ಭಾಗ. ಒಂದು, ಮಾದಪ್ಪ ನಮ್ಮ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ರಾಗಿ ಬೀಸಿದ್ದು. ಹುಲಿಯ ಮೇಲೆ ಕೂರುವ ದೇವರು ಬೀಸುವ ಕಲ್ಲಿನ ಮುಂದೆ ಕೂತಿದ್ದ! ಮನೆಗೆಲಸವನ್ನು ಕೀಳೆಂದು ತಿಳಿದವರಿಗೆ ಇದನ್ನು ಹೇಳಬೇಕು. ಇನ್ನೊಂದು, ಸೋಲಿಗರ ಸಂಕಮ್ಮನ ಕಥೆ. ಆಕೆಯ ಗಂಡ ನೀಲೇಗೌಡ ಜೇನು ತರಲು ಕಾಡಿಗೆ ಹೊರಟವನು, ತಾನು ಬರುವ ತನಕ ಪತಿವ್ರತೆಯಾಗಿರುತ್ತೇನೆ ಎಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ನಂಬಿಕೆಯಿದ್ದರೆ ಭಾಷೆ ಯಾಕೆ ಎಂಬುದು ಅವಳ ಹಟ. ಅವನು ಕೊಡಬಾರದ ಹಿಂಸೆ ಕೊಟ್ಟು ಹೋಗುತ್ತಾನೆ. ಆಗ ಬಂದು ಕಾಪಾಡಿದವನು ಮಾದಪ್ಪ. ಮಕ್ಕಳಿಲ್ಲದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನೂ ಕೊಟ್ಟನಂತೆ.

ಗುಡ್ಡರು ಸಂಕಮ್ಮನ ಸಾಲು ಹಾಡುವಾಗ ಹೂವಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತ ತಿರುಗಿದ್ದನ್ನು ನಾನು ಗಮನಿಸಿದೆ. ಕೇಳಲಿಲ್ಲ.

ಕೌದಳ್ಳಿಯ ರಾತ್ರಿ

ಐದನೇ ದಿನ ಹನೂರಿನಿಂದ ಕೌದಳ್ಳಿಗೆ. ಇಡೀ ನಡಿಗೆಯಲ್ಲಿ ಬಯಲುದಾರಿಯ ಅತಿ ಉದ್ದದ ದಿನ ಇದು. ಎಲ್ಲೇಮಾಳ ದಾಟುವ ಹೊತ್ತಿಗೆ ದೂರದಲ್ಲಿ ಬೆಟ್ಟಗಳ ಸಾಲು ನೀಲಿಯಾಗಿ ಎದ್ದು ಕಾಣುತ್ತದೆ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಎಪ್ಪತ್ತೇಳು ಮಲೆ ಎಂದು ಯಾಕೆ ಅನ್ನುತ್ತಾರೆ ಎಂದು ಆಗ ಗೊತ್ತಾಯಿತು. ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ.

ನಾವು ಚಿಕ್ಕವರಿದ್ದಾಗ ಈ ನೀಲಿ ಬೆಟ್ಟಗಳ ಹೆಸರೆತ್ತಿದರೆ ಭಯ. ವೀರಪ್ಪನ್ ಕಾಲ ಅದು. 1993ರ ಏಪ್ರಿಲ್ 9ರಂದು ಬೆಟ್ಟದಾಚೆಯ ಪಾಲಾರಿನ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತರು. 2000ನೇ ಇಸವಿಯಲ್ಲಿ ರಾಜಣ್ಣನವರನ್ನೇ ಗಾಜನೂರಿನಿಂದ ಹೊತ್ತುಕೊಂಡು ಹೋಗಿ 108 ದಿನ ಕಾಡಿನಲ್ಲಿಟ್ಟಿದ್ದ. ಆ ವರ್ಷಗಳಲ್ಲಿ ನಮ್ಮೂರಿನಿಂದ ಹೆಂಗಸರು ಬೆಟ್ಟಕ್ಕೆ ಹೋಗುವುದೇ ಕಡಿಮೆಯಾಗಿತ್ತು. 2004ರ ಅಕ್ಟೋಬರಿನಲ್ಲಿ ಅವನು ಸತ್ತ ಮೇಲೆ ಮೆಲ್ಲಗೆ ಆ ಭಯ ಕಳೆಯಿತು. ಐದು ಜನ ಹೆಂಗಸರು ಜೊತೆಗೆ ಗಂಡಸರಿಲ್ಲದೆ ಈ ರಸ್ತೆಯಲ್ಲಿ ನಡೆಯುತ್ತೇವೆ ಅಂದರೆ ಆವತ್ತು ಯಾರೂ ನಂಬುತ್ತಿರಲಿಲ್ಲ.

ಕೌದಳ್ಳಿ ಸೇರುವ ಹೊತ್ತಿಗೆ ಹೂವಕ್ಕನ ಮಂಡಿ ಊದಿಕೊಂಡಿತ್ತು. ಪರಿಚಯದವರ ಮನೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ನರ್ಸಮ್ಮ ಒದ್ದೆ ಬಟ್ಟೆಯ ಪಟ್ಟಿ ಹಾಕಿದರು. ಮುಂದೆ ಏನು ಮಾಡುವುದು ಎಂದು ಮಾತು ಬಂತು. "ನಾಳೆ ಅಕ್ಕನ್ನ ಬಸ್ ಹತ್ತಿಸಿಬಿಡೋಣ. ಮೇಲೆ ರೂಮು ಮಾಡ್ಕೊಂಡು ಇರ್ಲಿ, ನಾವು ನಡೆದು ಬಂದು ಸೇರ್ಕೊಳ್ಳೋಣ" ಅಂದಳು ಟೈಲರಕ್ಕ. ನನ್ನ ನಾದಿನಿಯೂ ಹೂಂಗುಟ್ಟಿದಳು. ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ, ಅವರ ಒಳ್ಳೆಯದಕ್ಕೇ ಅಂದದ್ದು.

ಹೂವಕ್ಕ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ಬಿಟ್ಟರು. 2021ರಲ್ಲಿ ಕೊರೊನಾ ಎರಡನೇ ಸಲ ಬಂದಾಗ ಅವರ ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದ್ದರು. ಒಳಗೆ ಬಿಡುವ ಹಾಗಿಲ್ಲ. ಹೊರಗೆ ಬೇವಿನಮರದ ಕೆಳಗೆ ನಿಂತು ಹೂವಕ್ಕ ಹರಕೆ ಹೊತ್ತರು, "ಇವರನ್ನು ಮನೆಗೆ ಕಳಿಸು, ನಡೆದು ಬೆಟ್ಟ ಹತ್ತುತ್ತೀನಿ." ಅವರು ಮನೆಗೆ ಬರಲಿಲ್ಲ. ಮುಖ ನೋಡಲೂ ಸಿಗಲಿಲ್ಲ.

"ಹಾಗಾದ್ರೆ ಹರಕೆ ಇಲ್ಲ ಬಿಡಕ್ಕ. ಅವನು ಕೊಟ್ಟರೆ ತಾನೆ ನಾವು ಕೊಡೋದು" ಅಂದಳು ನಾದಿನಿ.

"ನನ್ನ ಮಗನೂ ಹಂಗೇ ಅಂದ ಕಣವ್ವ. ಮೂರು ವರ್ಷ ನಾನೂ ಹಂಗೇ ಅಂದ್ಕೊಂಡೆ. ಬೆಟ್ಟದ ಕಡೆ ತಿರುಗಿ ನೋಡಿಲ್ಲ, ಮನೇಲಿ ಮಾದಪ್ಪನ ಪಟಕ್ಕೆ ಹೂ ಹಾಕಿಲ್ಲ. ಊರೋರಿಗೆಲ್ಲ ಹೂ ಕಟ್ಟಿಕೊಟ್ಟೆ, ಆ ಪಟ ಒಂದು ಬರಿದಾಗೇ ಇತ್ತು. ಆದರೆ ರಾತ್ರಿ ನಿದ್ದೆ ಬರಲ್ಲ. ಅವನು ಕೊಡಲಿಲ್ಲ, ಅದು ಅವನ ಲೆಕ್ಕ. ಭಾಷೆ ಕೊಟ್ಟವಳು ನಾನು. ಯಾರೂ ಬಲವಂತ ಮಾಡಿ ಕೇಳಿದ್ದಲ್ಲ. ಅವರಿಗೋಸ್ಕರ ನಾನು ಕಡೇದಾಗಿ ಆಡಿದ ಮಾತು ಅದು. ಅದನ್ನೂ ಸುಳ್ಳು ಮಾಡಿದ್ರೆ ನನ್ನ ಹತ್ರ ಅವರದು ಅಂತ ಇನ್ನೇನಿದೆ?"

ಯಾರೂ ಮಾತಾಡಲಿಲ್ಲ. ಹರಕೆ ಒಂದು ವ್ಯಾಪಾರ ಎಂದು ನಾನೂ ತಿಳಿದಿದ್ದೆ. ಹೀಗೂ ಇರುತ್ತದೆ ಎಂದು ಆವತ್ತು ತಿಳಿಯಿತು. ನರ್ಸಮ್ಮ ಪಟ್ಟಿ ಬದಲಾಯಿಸುತ್ತಾ, "ಮಂಡಿಗೆ ಬೇಕಾಗಿರೋದು ಬಸ್ಸಲ್ಲ, ಹೊರೆ ಇಳಿಸೋದು. ನಾಳೆ ಚೀಲಗಳೆಲ್ಲ ಆಟೋದಲ್ಲಿ ತಾಳಬೆಟ್ಟಕ್ಕೆ ಹೋಗಲಿ, ನಾವು ಕೈಬೀಸಿಕೊಂಡು ನಡೆಯೋಣ. ಎರಡು ಗಂಟೆ ನಡಿಗೆ, ಎರಡು ಗಂಟೆ ವಿಶ್ರಾಂತಿ. ಜ್ವರ ಬಂದರೆ, ಊತ ಜಾಸ್ತಿಯಾದರೆ ಮಾತ್ರ ಬಸ್ಸು. ಅದಕ್ಕೆ ಒಪ್ಪಬೇಕು" ಎಂದು ತೀರ್ಪು ಕೊಟ್ಟರು. ಹೂವಕ್ಕ ಒಪ್ಪಿದರು. ಮಾರನೆಯ ದಿನದಿಂದ ಟೈಲರಕ್ಕ ಒಂದು ಸಲವೂ ಗೊಣಗಲಿಲ್ಲ.

ತಾಳಬೆಟ್ಟದಿಂದ ಮೇಲಕ್ಕೆ

ಶನಿವಾರ ಸಂಜೆಗೆ ತಾಳಬೆಟ್ಟ. ಬೆಟ್ಟದ ಬುಡ ಇದು. ಇಲ್ಲಿ ಕಾಯಿ ಒಡೆದು, ಧೂಪ ಹಾಕಿ ಹತ್ತಲು ಶುರು ಮಾಡುವುದು ಪದ್ಧತಿ. ನಾವು ಮುಟ್ಟಿದಾಗ ಒಂದು ಗುಂಪಿನ ಹುಡುಗರು "ಇನ್ನೂ ಬೆಳಕಿದೆ, ಬನ್ನಿ ಅಮ್ಮಾ ಹೋಗೋಣ" ಎಂದು ಕರೆದರು. ನಾವು ಹೋಗಲಿಲ್ಲ. ಮೇಲಕ್ಕೆ ಸುಮಾರು 18 ಕಿಲೋಮೀಟರು, ಅಷ್ಟೂ ಕಾಡು. 2013ರಲ್ಲಿ ಈ ಕಾಡನ್ನು ಮಲೆ ಮಹದೇಶ್ವರ ವನ್ಯಧಾಮ ಎಂದು ಘೋಷಿಸಿದ್ದಾರೆ, 906 ಚದರ ಕಿಲೋಮೀಟರು. ಆನೆ, ಚಿರತೆ, ಹುಲಿ ಎಲ್ಲ ಇವೆ. ಮಾದಪ್ಪನಿಗೆ ಹುಲಿ ವಾಹನವಿರಬಹುದು, ನಮಗಲ್ಲವಲ್ಲ! ಬೇರೆ ಯಾತ್ರಿಕರ ಜೊತೆ ಅಲ್ಲೇ ಚಪ್ಪರದಡಿ ಮಲಗಿದೆವು.

ಭಾನುವಾರ ಬೆಳಕು ಹರಿದ ಮೇಲೆ ಹತ್ತಲು ಶುರು. ಕಾಲುದಾರಿಗೆ ಅಲ್ಲಲ್ಲಿ ಕಲ್ಲಿನ ಮೆಟ್ಟಿಲು ಹಾಕಿದ್ದಾರೆ, ಅಲ್ಲಲ್ಲಿ ಬಸ್ಸಿನ ರಸ್ತೆ ಅಡ್ಡ ಸಿಗುತ್ತದೆ. ಹೂವಕ್ಕ ಮುಂದೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನರ್ಸಮ್ಮನ ಭುಜದ ಮೇಲೆ. ಅವರು ನಿಂತಲ್ಲಿ ನಾವು ನಿಲ್ಲುವುದು. ನಿಂತಾಗಲೆಲ್ಲ ಏನಾದರೊಂದು ಕಂಡಿತು. ಎಲೆ ಉದುರಿದ ಮರಗಳ ನಡುವೆ ಕೆಂಪಗೆ ಹೂಬಿಟ್ಟ ಮುತ್ತುಗ, ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತ, ಕೋತಿಗಳ ಸಂಸಾರ, ಕೆಳಗೆ ನಾವು ಬಂದ ದಾರಿ ದಾರದ ಎಳೆಯ ಹಾಗೆ. ಆವತ್ತು ಬೇಗ ಬೇಗ ಹತ್ತಿದ್ದರೆ ನಾನು ನೋಡುತ್ತಿದ್ದುದು ಮುಂದಿನವರ ಹಿಮ್ಮಡಿ ಮಾತ್ರ.

ರಂಗಸ್ವಾಮಿ ಒಡ್ಡಿನ ಹತ್ತಿರ ಕೂತಾಗ ಹುರಿಹಿಟ್ಟಿನ ಡಬ್ಬಿ ಬಿಚ್ಚಿದೆ. ಪಕ್ಕದಲ್ಲಿ ಕೂತಿದ್ದ ತಮಿಳು ಸಂಸಾರಕ್ಕೂ ಕೊಟ್ಟೆವು, ಅವರು ನಮಗೆ ನಿಂಬೆಹಣ್ಣಿನ ಅನ್ನ ಕೊಟ್ಟರು. ಅವರಿಗೆ ಕನ್ನಡ ಬಾರದು, ನಮಗೆ ತಮಿಳು ಅಷ್ಟಕ್ಕಷ್ಟೆ. ಮಾದಪ್ಪನ ಹೆಸರು ಎರಡೂ ಕಡೆಗೆ ಗೊತ್ತಿತ್ತು, ಸಾಕಾಯಿತು. ಮಧ್ಯಾಹ್ನದ ಮೇಲೆ ಮೂರು ಸಲ ಹೂವಕ್ಕ ಕೂತುಬಿಟ್ಟರು. ಮೂರನೇ ಸಲ ಟೈಲರಕ್ಕ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಕ್ಕ, ನಿಮ್ಮೋರು ಹೂವಿನ ಲೆಕ್ಕ ಹೆಂಗೆ ಇಡ್ತಿದ್ರು?" ಎಂದು ಕೇಳಿದಳು. ಹೂವಕ್ಕ ನಗುತ್ತಾ ಹೇಳಲು ಶುರು ಮಾಡಿದವರು, ಹೇಳುತ್ತಲೇ ಎದ್ದು ನಡೆದರು. ಉಳಿದ ದಾರಿಯೆಲ್ಲ ಅವರ ಯಜಮಾನರ ಮಾತೇ. ಮೂರು ವರ್ಷದಿಂದ ಅವರು ಆ ಮಾತು ಆಡಿದ್ದನ್ನು ನಾವು ಕೇಳಿರಲಿಲ್ಲ.

ದೀಪದಗಿರಿ ಒಡ್ಡಿನ ಮೇಲೆ 108 ಅಡಿಯ ಹುಲಿವಾಹನ ಮಾದಪ್ಪನ ವಿಗ್ರಹ ಇದೆ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು. ಅದು ಕಣ್ಣಿಗೆ ಬಿದ್ದಾಗ ಸಂಜೆಯ ಬಿಸಿಲು. ಐದೂವರೆಗೆ ಬೆಟ್ಟ ಸೇರಿದೆವು. ಆವತ್ತು ಬೆಳದಿಂಗಳು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ ತಣ್ಣನೆ ಗಾಳಿ. ದಾಸೋಹದಲ್ಲಿ ಉಂಡು ಮಲಗಿದ್ದೊಂದೇ ನೆನಪು.

ಸೋಮವಾರ ಅಂತರಗಂಗೆಯಲ್ಲಿ ಸ್ನಾನ ಮಾಡಿ ದರ್ಶನಕ್ಕೆ ಹೋದೆವು. ಇಲ್ಲಿ ಪೂಜೆ ಮಾಡುವವರು ಬೇಡಗಂಪಣರು. ದೀಪಾವಳಿಯಲ್ಲಿ ಅವರ ಮನೆಯ ಹೆಣ್ಣುಮಕ್ಕಳು 101 ಜನ ಕಾಡಿನ ಹಳ್ಳದಿಂದ ಕಲಶ ಹೊತ್ತು ತರುವ ಹಾಲರವಿ ಉತ್ಸವ ನೋಡುವಂಥದ್ದು. ಉರುಳುಸೇವೆ, ಪಂಜಿನಸೇವೆ, ಮುಡಿಸೇವೆ, ಹುಲಿವಾಹನ ಎಂದು ಹಲವು ಸೇವೆಗಳಿವೆ. ಹೆಂಗಸರು ಪೊರಕೆ ಹಿಡಿದು ದೇವರ ಮುಂದಿನ ನೆಲ ಗುಡಿಸುವ ಸೇವೆಯೂ ಇದೆ, ರಜಾ ಹೊಡೆಯುವುದು ಅನ್ನುತ್ತಾರೆ. ಹೂವಕ್ಕ ಅದನ್ನು ಮಾಡಿದರು. ಗುಡಿಸಿ ಮುಗಿಸಿ, ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ, ಬಾಡಿಹೋದ ಒಂದು ಮೊಳ ಹೂವನ್ನು ಕೊಟ್ಟು, ಗೆಳೆಯನ ಹತ್ತಿರ ಮಾತಾಡುವ ಹಾಗೆ, "ಬಂದೆ ಕಣಪ್ಪ. ನನ್ನ ಮಾತು ನಾನು ತೀರಿಸಿದೆ" ಅಂದರು. ಅಳಲಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೊಳ್ಳೇಗಾಲದವರೆಗೂ ನಿದ್ದೆ ಮಾಡಿದರು.

ನೀವೂ ಹೋಗುವುದಾದರೆ

ಕೆಲವು ಮಾತು ತಿಳಿದಿರಲಿ. ಮಾಘ ಮಾಸ ಒಳ್ಳೆಯದು, ಬಿಸಿಲೂ ಕಡಿಮೆ, ಜನವೂ ಕಡಿಮೆ. ಅಮಾವಾಸ್ಯೆ ಮತ್ತು ಜಾತ್ರೆಯ ದಿನ ಬಿಡಿ. ತಾಳಬೆಟ್ಟದಿಂದ ಮೇಲೆ ನಡೆಯುವ ವಿಷಯದಲ್ಲಿ ಪ್ರಾಣಿಗಳ ಓಡಾಟ ನೋಡಿಕೊಂಡು ಅರಣ್ಯ ಇಲಾಖೆಯವರೂ ಜಿಲ್ಲಾಡಳಿತದವರೂ ಆಗಾಗ ನಿಯಮ ಬದಲಾಯಿಸುತ್ತಾರೆ, ಕೆಲವೊಮ್ಮೆ ನಿಲ್ಲಿಸುವುದೂ ಉಂಟು. ಹೊರಡುವ ಮೊದಲು ವಿಚಾರಿಸಿ. ಕತ್ತಲಾದ ಮೇಲೆ ಕಾಡಿನಲ್ಲಿ ನಡೆಯಬೇಡಿ, ಒಂಟಿಯಾಗಿ ಯಾವ ಹೊತ್ತಿನಲ್ಲೂ ಬೇಡ. ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ, ಒಂದು ತಿಂಗಳು ಹಾಕಿ ಪಳಗಿದ್ದೇ ಆಗಬೇಕು. ರಾತ್ರಿ ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿ ಮಲಗಿ. ಬೊಬ್ಬೆ ಎದ್ದರೆ ಒಡೆಯಬಾರದು, ಮೆತ್ತನೆ ಬಟ್ಟೆ ಸುತ್ತಿ ಎಂದು ನರ್ಸಮ್ಮನ ಕಟ್ಟಪ್ಪಣೆ. ಎರಡು ಸೀರೆ ಸಾಕು, ಮೂರನೆಯದು ಭಾರ. ಪ್ಲಾಸ್ಟಿಕ್ಕು ಕಾಡಿನಲ್ಲಿ ಎಸೆಯದೆ ಸ್ಟೀಲಿನ ಲೋಟ, ತಟ್ಟೆ ಒಯ್ಯಿರಿ. ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ.

ಬುತ್ತಿಗೆ ನಾವು ಒಯ್ದದ್ದು ಚಟ್ನಿಪುಡಿ, ಹುಣಸೆ ಗೊಜ್ಜು, ಅವಲಕ್ಕಿ, ಕಜ್ಜಾಯ, ಮತ್ತು ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ರಾಗಿ ಹುರಿಹಿಟ್ಟು. ಅದನ್ನು ಮಾಡುವ ರೀತಿ ಹೀಗೆ: ಒಂದು ಸೇರು ರಾಗಿಯನ್ನು ತೊಳೆದು, ಕಲ್ಲು ಆರಿಸಿ, ನೀರು ಬಸಿಯಿರಿ. ಎರಡು ಚಮಚ ಹುಳಿಮಜ್ಜಿಗೆ ಚಿಮುಕಿಸಿ ಕಲಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡಿ. ಬೆಳಿಗ್ಗೆ ನೆರಳಿನಲ್ಲಿ ಹರಡಿ, ಪಸೆ ಆರಬೇಕು, ಪೂರ್ತಿ ಒಣಗಬಾರದು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಬೇಗ ಬೇಗ ಆಡಿಸಿದರೆ ಮಲ್ಲಿಗೆಯ ಮೊಗ್ಗಿನ ಹಾಗೆ ಅರಳುತ್ತದೆ. ಆರಿದ ಮೇಲೆ ಒಂದು ಪಾವು ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ನುಣ್ಣಗೆ ಬೀಸಿ ಜರಡಿ ಹಿಡಿಯಿರಿ. ಬೆಲ್ಲವನ್ನು ಪುಡಿ ಮಾಡಿ ಬೇರೆ ಡಬ್ಬಿಯಲ್ಲಿಡಿ, ಮೊದಲೇ ಬೆರೆಸಿದರೆ ಗಂಟಾಗುತ್ತದೆ. ದಾರಿಯಲ್ಲಿ ಹಸಿವಾದಾಗ ಒಂದು ಹಿಡಿ ಹಿಟ್ಟಿಗೆ ಅರ್ಧ ಹಿಡಿ ಬೆಲ್ಲ, ಸಿಕ್ಕರೆ ಹಾಲು, ಇಲ್ಲದಿದ್ದರೆ ನೀರು ಹಾಕಿ ಕಲಸಿದರೆ ಆಯಿತು. ಒಲೆ ಬೇಡ, ಪಾತ್ರೆ ಬೇಡ. ಮಂಡಿ ನೋವಿನವರಿಗೂ, ಹಲ್ಲಿಲ್ಲದ ಅಜ್ಜಿಯರಿಗೂ ಇದೇ ಒಳ್ಳೆಯದು. ಐದು ಜನಕ್ಕೆ ಏಳು ದಿನಕ್ಕೆ ಎರಡು ಸೇರು ರಾಗಿ ಬೇಕಾಗುತ್ತದೆ. ದಾರಿಯಲ್ಲಿ ಸಿಗುವವರಿಗೆ ಕೊಡಲು ಇನ್ನರ್ಧ ಸೇರು ಜಾಸ್ತಿಯೇ ಇಟ್ಟುಕೊಳ್ಳಿ.